ಫಾರ್ಮ್ಯಾಟ್ ಹೊಡೀಬೇಡಪ್ಪ

ಹುಡುಗಿ ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಂಡಿದ್ದಳು, ಅವತ್ತು ಬಚಾವಾದದ್ದು ಅಷ್ಟಕ್ಕೇ. ಕರಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು ಬರುತ್ತಿತ್ತು. ಓದಿ ಮುಗಿಸುವಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಆರಿಹೋಗುತ್ತಿತ್ತು. ಮತ್ತೆ ಗುಂಡಿ ಒತ್ತಿದರೆ ಮತ್ತೆ ಅದೇ ಎರಡು ಸಾಲು, ಮತ್ತೆ ಕತ್ತಲೆ.

2024ರ ಆಗಸ್ಟ್ 15, ಗುರುವಾರ. ಮಾರನೇ ದಿನ ವರಮಹಾಲಕ್ಷ್ಮಿ. ಹಬ್ಬಕ್ಕೆ ಅಂತ ನಾನು ಬೆಂಗಳೂರಿನಿಂದ ಕೈವಾರಕ್ಕೆ ಬಂದಿದ್ದೆ. ಶಾಲೆಯಲ್ಲಿ ಬಾವುಟ ಏರಿಸಿ, ಮಕ್ಕಳ ಕೈಗೆ ಲಾಡು ಬಿದ್ದು, ಬೀದಿಯಲ್ಲಿ ಬಾಳೆಕಂದು, ಸೇವಂತಿಗೆ ವ್ಯಾಪಾರ ಜೋರಾಗುವ ಹೊತ್ತು. ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಆ ಹುಡುಗಿ ಓಡಿಬಂದಳು. "ಅಣ್ಣ, ಬೇಗ ಬನ್ನಿ. ಅವ್ರು ಫಾರ್ಮ್ಯಾಟ್ ಹೊಡೀತಾವ್ರೆ!"

ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಅಮರನಾರೇಯಣ ದೇವಸ್ಥಾನದ ಕಡೆ ಹೋಗುವ ದಾರಿಯಲ್ಲಿ ಅವರಮ್ಮನ ಅಂಗಡಿ. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತೇವೆ. ಜೆರಾಕ್ಸು, ಡಿಟಿಪಿ, ಪಹಣಿ, ಆಧಾರ್ ಪ್ರಿಂಟು, ಮದುವೆ ಪತ್ರಿಕೆ, ತಿಥಿ ಕಾರ್ಡು, ಎಲ್ಲಕ್ಕೂ ಅದೊಂದೇ ಕಂಪ್ಯೂಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು. ಯಾವುದೋ ಆಫೀಸು ಬಳಸಿ ಬಿಟ್ಟದ್ದನ್ನು ಒರೆಸಿ ಮಾರುತ್ತಾರಲ್ಲ, ಆ ಬಾಬತ್ತು. ಅಕ್ಕನಿಗೆ ಬೇಕಾದದ್ದು ವಿಂಡೋಸು, ಅದರೊಳಗೆ ನುಡಿ ಮತ್ತು ಪೇಜ್‌ಮೇಕರ್. ಬೆರಳು ಕೀಲಿಮಣೆ ನೋಡದೆಯೇ ಓಡುತ್ತದೆ, ಅಷ್ಟು ವರ್ಷದ ರೂಢಿ. ಮಗಳು ಇಂಜಿನಿಯರಿಂಗಿಗೆ ಸೇರಿದಾಗ ಅದೇ ಹಾರ್ಡ್‌ಡಿಸ್ಕಿನಲ್ಲಿ ಜಾಗ ಬಿಡಿಸಿಕೊಂಡು ಪಕ್ಕದಲ್ಲಿ ಉಬುಂಟು ಹಾಕಿಕೊಂಡಿದ್ದಳು. ಬೆಳಿಗ್ಗೆ ಅಮ್ಮನ ವಿಂಡೋಸು, ರಾತ್ರಿ ಮಗಳ ಲಿನಕ್ಸು. ಯಂತ್ರ ಹತ್ತಿಸಿದರೆ ಮೊದಲು ಗ್ರಬ್ ಅನ್ನುವ ಪಟ್ಟಿ ಬರುತ್ತಿತ್ತು, ಯಾವುದು ಬೇಕೋ ಆರಿಸಿಕೊಳ್ಳಬೇಕು.

ಹುಡುಗಿ ಅಳುಮುಖ ಮಾಡಿದ್ದು ಕಾಲೇಜಿನ ಪ್ರಾಜೆಕ್ಟಿಗಲ್ಲ. ಅವಳ ಅಜ್ಜಿ ಮತ್ತು ಅಜ್ಜಿಯ ಭಜನೆ ಗುಂಪಿನ ಹೆಂಗಸರು ತಾತಯ್ಯನ ಪದ ಹಾಡಿದ್ದನ್ನೆಲ್ಲ ಅವಳು ರೆಕಾರ್ಡ್ ಮಾಡಿಟ್ಟಿದ್ದಳು. ಬಳೆ ಮಾರುತ್ತಿದ್ದ ನಾರೇಯಣಪ್ಪ ಯೋಗಿಯಾಗಿ, ತಾತಯ್ಯ ಅನ್ನಿಸಿಕೊಂಡು, ತೆಲುಗಿನಲ್ಲೂ ಕನ್ನಡದಲ್ಲೂ ಕಟ್ಟಿದ ಪದಗಳು. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡುತ್ತಾರೆ, ಅದನ್ನು ಹಿಡಿದಿಡುವವರು ಬೇಕಾದಷ್ಟು ಜನ. ಮನೆ ಜಗಲಿಯಲ್ಲಿ ಕೂತು, ಅಡಿಕೆ ಎಲೆ ಬಾಯಲ್ಲಿಟ್ಟುಕೊಂಡೇ ಹಾಡುವ ಈ ಮುದುಕಿಯರನ್ನು ಯಾರು ಹಿಡಿದಿಡಬೇಕು? ಇವಳು ಹಿಡಿದಿಟ್ಟಿದ್ದಳು. ಅಡಾಸಿಟಿ ಅನ್ನುವ ತಂತ್ರಾಂಶದಲ್ಲಿ ಗದ್ದಲ ತೆಗೆದು, ಪದ ಪದಕ್ಕೂ ಬೇರೆ ಫೈಲು ಮಾಡಿ. ಎಲ್ಲವೂ ಲಿನಕ್ಸಿನ ಭಾಗದಲ್ಲಿ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ನಾನು ಹೋಗುವಷ್ಟರಲ್ಲಿ ಅಂಗಡಿ ಮುಂದೆ ಸಂತೆ ಸೇರಿತ್ತು. ಒಬ್ಬರು ವೈರಸ್ ಅಂದರು. ಇನ್ನೊಬ್ಬರು, "ಅಮೆರಿಕದಲ್ಲಿ ವಿಮಾನ ನಿಂತೋಯ್ತಲ್ಲ, ಅದು ಈಗ ಕೈವಾರಕ್ಕೂ ಬಂದೈತೆ" ಅಂದರು. ಆ ಮಾತು ಹುಟ್ಟಿದ್ದಕ್ಕೆ ಕಾರಣವಿತ್ತು. ಗುರುಪೂರ್ಣಿಮೆಗೆ ಎರಡು ದಿನ ಮುಂಚೆ, ಜುಲೈ 19ರಂದು, ಒಂದು ಭದ್ರತಾ ತಂತ್ರಾಂಶದ ಅಪ್‌ಡೇಟ್ ಎಡವಟ್ಟಾಗಿ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ಫೋಟೋ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿತ್ತು. ಮೂಲೆಯಲ್ಲಿ ಕೂತಿದ್ದ ಒಬ್ಬ ಯಜಮಾನರು ಇದೆಲ್ಲ ತಾತಯ್ಯ ಕಾಲಜ್ಞಾನದಲ್ಲೇ ಹೇಳಿದ್ದಾರೆ ಅಂತ ತೀರ್ಪು ಕೊಟ್ಟರು. ನಮ್ಮೂರಲ್ಲಿ ಕರೆಂಟು ಹೋದರೂ ಕಾಲಜ್ಞಾನದಲ್ಲಿ ಹೇಳಿದೆ ಅನ್ನುವವರಿದ್ದಾರೆ, ಬಿಡಿ. ಅಜ್ಜಿ ಮಾತ್ರ ಮೊಮ್ಮಗಳ ಕೈ ಹಿಡಿದು, "ಅಂತಾ ಪಾಯೆನಾ?" ಅಂತ ಒಂದೇ ಸಮನೆ ಕೇಳುತ್ತಿತ್ತು. ಎಲ್ಲ ಹೋಯಿತಾ?

ಒಳಗೆ ಚಿಂತಾಮಣಿಯಿಂದ ಬಂದ ರಿಪೇರಿ ಹುಡುಗ. ಒಳ್ಳೆಯವನು. ರಜಾ ದಿನ ಅಂತ ನೋಡದೆ ಬೈಕು ಹತ್ತಿ ಬಂದಿದ್ದ. ಬಂದವನೇ ಡಬ್ಬ ಬಿಚ್ಚಿ, ಧೂಳು ಊದಿ, ರ‍್ಯಾಮ್ ಕಿತ್ತು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ್ದ. ನಗಬೇಡಿ, ಹತ್ತಿಕೊಳ್ಳದ ಎಷ್ಟೋ ಯಂತ್ರಗಳು ಆ ರಬ್ಬರಿಗೇ ಎದ್ದು ಕೂರುತ್ತವೆ. ಇದು ಏಳಲಿಲ್ಲ. ಆಮೇಲೆ ಮದರ್‌ಬೋರ್ಡಿನ ಮೇಲಿನ ಗುಂಡು ಬ್ಯಾಟರಿ, ಸಿಆರ್ 2032, ಅದನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ದ. ಯಂತ್ರದ ಸೆಟ್ಟಿಂಗ್ ಎಲ್ಲ ಮರೆತುಹೋಗಿ ಹೊಸದಾಗಿ ಶುರುವಾಗಲಿ ಅಂತ. ಗಡಿಯಾರ ಮರೆತುಹೋಯಿತು, ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡಿತು. ಆ ಎರಡು ಸಾಲು ಮಾತ್ರ ಹೋಗಲಿಲ್ಲ.

ಇನ್ನುಳಿದದ್ದು ಒಂದೇ ಮದ್ದು. ಜೇಬಿನಿಂದ ಪೆನ್‌ಡ್ರೈವ್ ತೆಗೆದಿದ್ದ. ಎಫ್ 12 ಒತ್ತಿ, ಪೆನ್‌ಡ್ರೈವಿನಿಂದ ವಿಂಡೋಸ್ ಇನ್‌ಸ್ಟಾಲ್ ಶುರು ಮಾಡಿ, ಹಾರ್ಡ್‌ಡಿಸ್ಕಿನ ಭಾಗಗಳ ಪಟ್ಟಿ ಬಿಚ್ಚಿ ಕೂತಿದ್ದ. ಪಟ್ಟಿಯಲ್ಲಿ ಹೆಸರಿಲ್ಲದ ಒಂದು ದೊಡ್ಡ ಭಾಗ.

"ಇದು ಖಾಲಿ ಐತೆ ಸಾರ್. ಇದನ್ನ ಡಿಲೀಟ್ ಹೊಡ್ದು, ಎಲ್ಲ ಸೇರಿಸಿ ಫಾರ್ಮ್ಯಾಟ್ ಮಾಡ್ಬಿಟ್ರೆ ಸಂಜೆಗೆ ಅಂಗಡಿ ಓಪನ್."

ಅದು ಖಾಲಿ ಅಲ್ಲ. ಲಿನಕ್ಸಿನ ಭಾಗವನ್ನು ವಿಂಡೋಸಿಗೆ ಓದಲು ಬರುವುದಿಲ್ಲ, ಅದಕ್ಕೇ ಹೆಸರಿಲ್ಲ. ಮುದುಕಿಯರೆಲ್ಲ ಅದರೊಳಗೇ ಇದ್ದರು.

"ಫಾರ್ಮ್ಯಾಟ್ ಹೊಡೀಬೇಡಪ್ಪ," ಅಂದೆ. "ಮೊದಲು ಅದು ಏನು ಹೇಳ್ತಾ ಇದೆ ಅಂತ ಓದೋಣ."

ಈ ರೋಗ ನಮ್ಮ ಕಡೆ ಮಾತ್ರ ಅಲ್ಲ, ಎಲ್ಲ ಕಡೆ ಇದೆ. ಯಂತ್ರ ಏನಾದರೂ ಅಂದರೆ ಅದರ ಬಾಯಿ ಮುಚ್ಚಿಸುವುದು ಮೊದಲು, ಅದು ಅಂದದ್ದು ಏನು ಅಂತ ನೋಡುವುದು ಆಮೇಲೆ. ಹುಡುಗಿಯ ಫೋಟೋ ದೊಡ್ಡದು ಮಾಡಿ ಓದಿದೆ. ಮೊದಲ ಸಾಲು: ವೆರಿಫೈಯಿಂಗ್ ಶಿಮ್ ಎಸ್‌ಬ್ಯಾಟ್ ಡೇಟಾ ಫೇಲ್ಡ್, ಸೆಕ್ಯುರಿಟಿ ಪಾಲಿಸಿ ವಯೊಲೇಶನ್. ಎರಡನೆಯದು: ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್. ಏನೋ ಭಾರೀ ಎಡವಟ್ಟಾಗಿದೆ ಅಂತೆ! ಬರೆದ ಪುಣ್ಯಾತ್ಮ ಏನು ಎಡವಟ್ಟು, ಏನು ಮಾಡಬೇಕು ಅಂತ ಇನ್ನೊಂದು ಸಾಲು ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತೋ. ಆದರೂ ಬೇಕಾದ ಸುಳಿವು ಮೊದಲ ಸಾಲಿನಲ್ಲಿತ್ತು. ಹಾರ್ಡ್‌ಡಿಸ್ಕ್ ಕೆಟ್ಟಿದೆ ಅಂತ ಅದು ಹೇಳುತ್ತಲೇ ಇರಲಿಲ್ಲ. ಸೆಕ್ಯೂರ್ ಬೂಟ್ ಅಂತ ಒಂದು ಬೀಗ ಇದೆ, ಆ ಬೀಗ ಒಳಗೆ ಬಿಡುತ್ತಿಲ್ಲ ಅಂತ ಹೇಳುತ್ತಿತ್ತು.

"ಎಫ್ 12 ಒತ್ತಿದೆಯಲ್ಲ, ಇನ್ನೊಂದು ಸಲ ಒತ್ತು. ಪೆನ್‌ಡ್ರೈವ್ ಬೇಡ, ಅದರ ಕೆಳಗೆ ಏನಿದೆ ನೋಡು."

ಕೆಳಗಿನ ಸಾಲಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇತ್ತು. ಎಂಟರ್ ಒತ್ತಿದ. ಸುತ್ತು ಸುತ್ತುವ ಚುಕ್ಕಿಗಳು ಬಂದವು, ಆಮೇಲೆ ಅಕ್ಕನ ಎಂದಿನ ಪರದೆ, ಅದರ ಮೇಲೆ ನುಡಿ, ಪೇಜ್‌ಮೇಕರ್, ಅರ್ಧಕ್ಕೆ ನಿಂತಿದ್ದ ಗೃಹಪ್ರವೇಶದ ಪತ್ರಿಕೆ, ಎಲ್ಲ ಇದ್ದ ಹಾಗೇ. ಹುಡುಗ ನನ್ನ ಮುಖ ನೋಡಿದ. ಅವನು ಆ ಪಟ್ಟಿಯನ್ನು ಬೆಳಗಿನಿಂದ ತೆರೆದಿದ್ದ, ಕೈ ರೂಢಿಯಂತೆ ಪೆನ್‌ಡ್ರೈವಿನ ಮೇಲೇ ಹೋಗಿತ್ತು.

ಅಕ್ಕ ಗ್ರಾಹಕರನ್ನು ಕರೆದೇಬಿಟ್ಟರು. ಅಲ್ಲೊಂದು ಗೊಂದಲ. ಪಹಣಿ ತೆಗೆಯಲು ಹೋದರೆ ಬ್ರೌಸರು, ಈ ಜಾಲತಾಣ ಸುರಕ್ಷಿತವಲ್ಲ ಅಂದಿತು. ಯಾವುದೇ ಸರಕಾರಿ ತಾಣ ತೆಗೆದರೂ ಅದೇ ಮಾತು. ಮತ್ತೆ ಹೊರಗಿನಿಂದ ವೈರಸ್, ವೈರಸ್ ಅಂತ ಗುಲ್ಲು. ಬ್ಯಾಟರಿ ಕಿತ್ತಾಗ ತಾರೀಖು ಹಿಂದಕ್ಕೆ ಹೋಗಿತ್ತಲ್ಲ, ಆ ತಾಣಗಳ ಸರ್ಟಿಫಿಕೇಟುಗಳು ಆ ತಾರೀಖಿನಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ಗಡಿಯಾರ ಸರಿ ಮಾಡಿದ ಮೇಲೆ ಪಹಣಿ ಬಂತು, ಕ್ಯೂ ಕರಗಿತು.

ಇನ್ನು ಲಿನಕ್ಸು. ಇಲ್ಲಿ ಸ್ವಲ್ಪ ಉದ್ದ ಹೇಳಬೇಕಾಗುತ್ತದೆ.

ಜೆರಾಕ್ಸ್ ಅಂಗಡಿಯವರಿಗೆ ಇದನ್ನು ಅಟೆಸ್ಟೇಷನ್ ಅಂತ ಹೇಳಿದರೆ ಸಾಕು. ಬರೀ ನಕಲು ಪ್ರತಿ ತಂದರೆ ಗುಮಾಸ್ತ ಮುಟ್ಟುವುದಿಲ್ಲ. ಗೆಜೆಟೆಡ್ ಅಧಿಕಾರಿಯ ಸಹಿ, ಸೀಲು ಬೇಕು, ಆ ಅಧಿಕಾರಿಯ ಹೆಸರು ಗುಮಾಸ್ತನ ಪಟ್ಟಿಯಲ್ಲಿ ಇರಬೇಕು. ಕಂಪ್ಯೂಟರ್ ಹತ್ತಿದ ತಕ್ಷಣ ಮದರ್‌ಬೋರ್ಡಿನೊಳಗಿನ ಯುಇಎಫ್‌ಐ ಅನ್ನುವ ತಂತ್ರಾಂಶ ಆ ಗುಮಾಸ್ತನ ಕೆಲಸ ಮಾಡುತ್ತದೆ. ಮೊದಲು ಓಡಬೇಕಾದ ಪ್ರೋಗ್ರಾಮಿಗೆ ನಂಬಿಕೆಯ ಸಹಿ ಇದೆಯೇ ನೋಡಿ, ಇದ್ದರೆ ಮಾತ್ರ ಬಿಡುತ್ತದೆ. ಈ ವ್ಯವಸ್ಥೆ ಯುಇಎಫ್‌ಐ ನಿಯಮಗಳಿಗೆ ಸೇರಿದ್ದು 2011ರ ಸುಮಾರಿಗೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಅಂಗಡಿಯಲ್ಲಿ ಸಿಗುವ ಯಂತ್ರಗಳಲ್ಲೆಲ್ಲ ಬಂದು ಕೂತಿತು. ಪಟ್ಟಿಯಲ್ಲಿ ಇರುವ ಸಹಿ ವಿಂಡೋಸ್ ಮಾಡುವ ಕಂಪನಿಯದು. ಹಾಗಾದರೆ ಲಿನಕ್ಸಿನವರು ಎಲ್ಲಿಗೆ ಹೋಗಬೇಕು? ಅದೇ 2012ರಲ್ಲಿ ಮ್ಯಾಥ್ಯೂ ಗ್ಯಾರೆಟ್ ಅನ್ನುವವರು ಶಿಮ್ ಅಂತ ಒಂದು ಪುಟ್ಟ ಪ್ರೋಗ್ರಾಮು ಬರೆದರು. ಆ ಶಿಮ್‌ಗೆ ಕಂಪನಿಯ ಸಹಿ ಹಾಕಿಸುತ್ತಾರೆ. ಗುಮಾಸ್ತ ಶಿಮ್ ಅನ್ನು ನಂಬುತ್ತಾನೆ, ಶಿಮ್ ಗ್ರಬ್ ಅನ್ನು ನೋಡಿ ಬಿಡುತ್ತದೆ, ಅಲ್ಲಿಂದ ಮುಂದೆ ಲಿನಕ್ಸು.

ಒಮ್ಮೆ ಸಹಿ ಹಾಕಿ ಕೊಟ್ಟ ಪ್ರೋಗ್ರಾಮಿನಲ್ಲಿ ಆಮೇಲೆ ತೂತು ಸಿಕ್ಕಿದರೆ ಏನು ಮಾಡಬೇಕು? ರದ್ದುಪಟ್ಟಿ ಅಂತ ಇನ್ನೊಂದಿದೆ, ಅದರೊಳಗೆ ಸೇರಿಸುತ್ತಾರೆ. 2020ರಲ್ಲಿ ಗ್ರಬ್‌ನಲ್ಲಿ ಬೂಟ್‌ಹೋಲ್ ಅನ್ನುವ ದೊಡ್ಡ ತೂತು ಸಿಕ್ಕಿತು. ಸಿಕ್ಕ ಒಂದೊಂದು ಪ್ರತಿಯನ್ನೂ ಹೆಸರು ಹಿಡಿದು ರದ್ದು ಮಾಡಲು ಹೋದರೆ, 32 ಕಿಲೋಬೈಟ್ ಜಾಗದಲ್ಲಿ ಸುಮಾರು 10 ಕಿಲೋಬೈಟ್ ಅದೊಂದಕ್ಕೇ ಮುಗಿದುಹೋಯಿತು. ಹೀಗೇ ಇನ್ನೆರಡು ಸಲ ಆದರೆ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೆ ಎಸ್‌ಬ್ಯಾಟ್ ಅನ್ನುವ ಉಪಾಯ ತಂದರು. ಪ್ರತಿ ಪ್ರೋಗ್ರಾಮಿಗೂ ತಲೆಮಾರಿನ ಸಂಖ್ಯೆ. ಈ ಸಂಖ್ಯೆಗಿಂತ ಹಳೆಯದೆಲ್ಲ ನಡೆಯುವುದಿಲ್ಲ ಅಂತ ಒಂದು ಸಾಲು ಬರೆದರೆ ಆಯಿತು.

ಆ ಆಗಸ್ಟ್ 13ರಂದು ಬಂದ ವಿಂಡೋಸ್ ಅಪ್‌ಡೇಟ್ ಆ ಒಂದು ಸಾಲನ್ನು ಹೊಸದು ಮಾಡಿ ಬರೆದಿತ್ತು. 2022ರಲ್ಲೇ ಗೊತ್ತಾಗಿದ್ದ ಒಂದು ಗ್ರಬ್ ತೂತನ್ನು ಮುಚ್ಚುವುದು ಉದ್ದೇಶ. ಎರಡು ವ್ಯವಸ್ಥೆ ಒಟ್ಟಿಗಿರುವ ಯಂತ್ರಗಳಿಗೆ ಇದನ್ನು ಹಾಕುವುದಿಲ್ಲ ಅಂತಲೇ ಹೊರಟಿತ್ತು. ಗುರುತಿಸುವುದರಲ್ಲಿ ತಪ್ಪಿತು. ಅಕ್ಕ 14ರ ಸಂಜೆ ಅಂಗಡಿ ಮುಚ್ಚುವಾಗ, ಅಪ್‌ಡೇಟ್ ಮಾಡಿ ಶಟ್‌ಡೌನ್ ಅನ್ನುವ ಸಾಲನ್ನು ಒತ್ತಿ ಮನೆಗೆ ಹೋಗಿದ್ದರು. ಹುಡುಗಿ ಲಿನಕ್ಸಿಗೆ ಬಹಳ ಕಾಲದಿಂದ ಅಪ್‌ಡೇಟ್ ಹಾಕಿರಲಿಲ್ಲ, ಫೋನಿನ ಡೇಟಾ ಉಳಿಸಬೇಕಲ್ಲ. ಅವಳ ಶಿಮ್ ರಾತ್ರೋರಾತ್ರಿ ಹಳೇ ತಲೆಮಾರಿನದಾಗಿಬಿಟ್ಟಿತು. ಸೀಲು ಇದೆ, ಸಹಿ ಇದೆ, ಚಲಾವಣೆ ಇಲ್ಲ.

ಬ್ಯಾಟರಿ ಕಿತ್ತರೂ ಯಾಕೆ ಹೋಗಲಿಲ್ಲ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆ ಸಾಲು ಬ್ಯಾಟರಿ ಕಾಪಾಡುವ ನೆನಪಿನಲ್ಲಿ ಇರುವುದಿಲ್ಲ, ಬೋರ್ಡಿನ ಫ್ಲ್ಯಾಶ್ ಚಿಪ್ಪಿನೊಳಗೆ ಕೂತಿರುತ್ತದೆ. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ಫಾರ್ಮ್ಯಾಟ್ ಹೊಡೆದಿದ್ದರೂ ಅದು ಅಲ್ಲೇ ಇರುತ್ತಿತ್ತು. ಹಾಡು ಹೋಗುತ್ತಿತ್ತು, ರೋಗ ಉಳಿಯುತ್ತಿತ್ತು. ಹಳೇ ಪೆನ್‌ಡ್ರೈವಿನಿಂದ ಮತ್ತೆ ಉಬುಂಟು ಹಾಕಲು ಹೋಗಿದ್ದರೆ ಅದೇ ಎರಡು ಸಾಲು ಮತ್ತೆ ಎದುರಿಗೆ ನಿಲ್ಲುತ್ತಿದ್ದವು.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೆ ಫೋಟೋ ಕಳಿಸಿದೆ. ಅವನಿಗೆ ಅದಾಗಲೇ ಬೇರೆ ಕಡೆಗಳಿಂದ ಅದೇ ಫೋಟೋ ಬಂದಿತ್ತು. ದಾರಿ ಹೇಳಿದ.

ಬೀಗ ತೆಗೆಯುವ ಮೊದಲು ವಿಂಡೋಸಿನೊಳಗೆ ಹೋಗಿ ಬಿಟ್‌ಲಾಕರ್ ಹಾಕಿದ್ದಾರೆಯೇ ನೋಡಿದೆವು. ಇದನ್ನು ನೋಡದೆ ಸೆಕ್ಯೂರ್ ಬೂಟ್ ಮುಟ್ಟಬಾರದು. ಡಿಸ್ಕಿಗೆ ಗೂಢಲಿಪಿ ಹಾಕಿದ್ದರೆ, ಸೆಟ್ಟಿಂಗ್ ಬದಲಾದ ತಕ್ಷಣ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಎಷ್ಟೋ ಜನರಿಗೆ ಅಂಥ ಕೀ ಒಂದಿದೆ ಅನ್ನುವುದೇ ಗೊತ್ತಿರುವುದಿಲ್ಲ. ಅಕ್ಕನ ಯಂತ್ರದಲ್ಲಿ ಹಾಕಿರಲಿಲ್ಲ. ಎಫ್ 2 ಒತ್ತಿ ಸೆಟಪ್ಪಿಗೆ ಹೋಗಿ ಸೆಕ್ಯೂರ್ ಬೂಟನ್ನು ಡಿಸೇಬಲ್ ಮಾಡಿದೆವು. ಅಲ್ಲಿ ಕೀಗಳನ್ನು ಅಳಿಸು ಅಂತಲೂ ಒಂದು ಸಾಲಿರುತ್ತದೆ. ಹುಡುಗನ ಬೆರಳು ಅದರ ಕಡೆ ಹೊರಟಿತ್ತು, ತಡೆದೆ. ಅದನ್ನು ಅಳಿಸಿದರೆ ಗುಮಾಸ್ತನ ಪಟ್ಟಿಯೇ ಖಾಲಿಯಾಗಿ, ಕಾರ್ಖಾನೆಯ ಕೀಗಳನ್ನು ಮತ್ತೆ ತುಂಬುವವರೆಗೂ ಬೀಗ ಹಾಕಲು ಬರುವುದಿಲ್ಲ. ಉಳಿಸಿ ಹೊರಬಂದೆವು.

ಗ್ರಬ್ ಪಟ್ಟಿ ಬಂತು. ಉಬುಂಟು ಬಂತು. ಹುಡುಗಿ ಒಂದು ಫೈಲು ಒತ್ತಿ ನೋಡಿದಳು. ಅಂಗಡಿಯ ಪುಟ್ಟ ಸ್ಪೀಕರಿನಿಂದ ಅಜ್ಜಿ ಹಾಡತೊಡಗಿತು, ಹಿಂದೆ ತಾಳ, ಮಧ್ಯೆ ಎಲ್ಲೋ ಕೋಳಿ ಕೂಗು. ನಿಜವಾದ ಅಜ್ಜಿ ಹೊಸಿಲ ಮೇಲೆ ಕೂತು ಕೇಳಿ, "ಎರಡನೇ ಚರಣ ಅವಳು ತಪ್ಪು ಹೇಳ್ತಾಳೆ, ನಾನು ಅವತ್ತೇ ಅಂದಿದ್ದೆ" ಅಂತ ಪಕ್ಕದ ಮನೆಯಾಕೆಯ ಹಳೇ ಜಗಳ ತೆಗೆಯಿತು.

ಮುಂದಿನ ಕೆಲಸಕ್ಕೆ ಕೈ ಹಾಕುವ ಮುಂಚೆ ಎಲ್ಲವನ್ನೂ ನಕಲು ಮಾಡಿಸಿದೆ. ರಿಪೇರಿ ಹುಡುಗ ತನ್ನ ಬ್ಯಾಗಿನ ಹಾರ್ಡ್‌ಡಿಸ್ಕ್ ಕೊಟ್ಟ. ನಕಲು ಮುಕ್ಕಾಲು ಆದಾಗ ಕರೆಂಟು ಹೋಯಿತು. ಯುಪಿಎಸ್ ಕೀಕ್ ಕೀಕ್ ಅಂತ ಕೂಗುತ್ತಾ ಹೇಗೋ ಉಸಿರು ಹಿಡಿದುಕೊಂಡಿತ್ತು, ಪುಣ್ಯಕ್ಕೆ ಬೇಗ ಬಂತು.

ಆಮೇಲಿನದು ಒಂದೇ ಸಾಲಿನ ಆಜ್ಞೆ: ಸುಡೊ ಮೊಕುಟಿಲ್, ಸೆಟ್ ಎಸ್‌ಬ್ಯಾಟ್ ಪಾಲಿಸಿ, ಡಿಲೀಟ್. ಸೆಕ್ಯೂರ್ ಬೂಟ್ ಆರಿಸಿದ್ದಾಗ ಮಾತ್ರ ಅದು ನಡೆಯುತ್ತದೆ. ಮತ್ತೆ ಹತ್ತಿಸಿ ಒಮ್ಮೆ ಲಿನಕ್ಸಿಗೆ ಬಂದರೆ ಶಿಮ್ ತಾನೇ ಆ ಹೊಸ ಸಾಲನ್ನು ಅಳಿಸುತ್ತದೆ. ನನ್ನ ಫೋನಿನ ಹಾಟ್‌ಸ್ಪಾಟಿನಿಂದ, ಬಾಕಿ ಇದ್ದ ಅಪ್‌ಡೇಟುಗಳನ್ನೆಲ್ಲ ಲಿನಕ್ಸಿಗೆ ಹಾಕಿಸಿದೆವು. ಬೆಟ್ಟದ ಬುಡದಲ್ಲಿ ಸಿಗ್ನಲ್ಲು ಹೇಗೆ ಅಂತ ನಿಮಗೇ ಗೊತ್ತು, ಹೊಟ್ಟೆ ಹಸಿದು ಚಿತ್ರಾನ್ನ ತರಿಸಿಕೊಂಡು ತಿಂದರೂ ಮುಗಿದಿರಲಿಲ್ಲ. ವಿಂಡೋಸ್ ಕಡೆ ರಿಜಿಸ್ಟ್ರಿಯಲ್ಲಿ, ಎಸ್‌ಬ್ಯಾಟ್ ಮುಟ್ಟಬೇಡ ಅನ್ನುವ ಆಪ್ಟ್‌ಔಟ್ ಗುರುತು ಹಾಕಿದೆವು.

ಸಾಯಂಕಾಲ ಒಂದು ವಾದ ನಡೆಯಿತು. ಹುಡುಗ ಹೇಳಿದ, "ಸಾರ್, ಆಫ್ ಮಾಡಿದ್ದಕ್ಕೇ ಸರಿ ಹೋಯ್ತಲ್ಲ, ಹಂಗೇ ಆಫ್ ಇರ್ಲಿ ಬಿಡಿ. ಇನ್ನು ತಲೆನೋವೇ ಇಲ್ಲ." ಮಾತು ಸುಳ್ಳಲ್ಲ. ಅಕ್ಕನೂ ತಲೆಯಾಡಿಸಿದರು. ನಾನು ಒಪ್ಪಲಿಲ್ಲ. ಊರಿನವರ ಆಧಾರ್, ಪಹಣಿ, ಬ್ಯಾಂಕಿನ ಕಾಗದ ಹಾದುಹೋಗುವ ಯಂತ್ರ ಅದು, ಬಂದವರ ಪೆನ್‌ಡ್ರೈವುಗಳನ್ನೆಲ್ಲ ನುಂಗುತ್ತದೆ. ವಿಂಡೋಸ್ ಎದ್ದೇಳುವುದಕ್ಕೂ ಮುಂಚೆಯೇ ಒಳಗೆ ಕೂರುವ ದುಷ್ಟ ತಂತ್ರಾಂಶಗಳು ಇವೆ. ಬ್ಲ್ಯಾಕ್‌ಲೋಟಸ್ ಅನ್ನುವ ಒಂದನ್ನು 5000 ಡಾಲರಿಗೆ ಮಾರುತ್ತಿದ್ದರು. ಹಳೇ ತೂತನ್ನೇ ಹಿಡಿದು ಅದು ಸೆಕ್ಯೂರ್ ಬೂಟನ್ನೂ ದಾಟಿತ್ತು ಅನ್ನುವುದು ನಿಜ. ಅದಕ್ಕೇ ಆ ರದ್ದುಪಟ್ಟಿಗಳನ್ನು ಹೊಸದು ಮಾಡುತ್ತಾ ಇರಬೇಕಾದದ್ದು. ನನ್ನ ತಕರಾರು ಬೀಗದ ಮೇಲಲ್ಲ. ನಮ್ಮ ಮನೆ ಬೀಗವನ್ನು ರಾತ್ರಿ ಯಾರೋ ಬದಲಾಯಿಸಿದರೆ ಬೆಳಿಗ್ಗೆ ನಮಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಚೀಟಿ ಅಂಟಿಸಿ ಹೋಗಬೇಕು, ಅಷ್ಟೇ.

ಮತ್ತೆ ಎನೇಬಲ್ ಮಾಡಿದೆವು. ಎಲ್ಲರೂ ಉಸಿರು ಬಿಗಿ ಹಿಡಿದರು. ಗ್ರಬ್ ಬಂತು, ಎರಡೂ ಕಡೆ ಹತ್ತಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಕಂಪನಿಯೂ ತೊಂದರೆಯನ್ನು ಒಪ್ಪಿಕೊಂಡು ಇದೇ ದಾರಿಯನ್ನು ಬರೆದು ಪ್ರಕಟಿಸಿತು. ಸಂಪೂರ್ಣ ಸರಿಹೋಯಿತು ಅಂತ ಅವರು ಹೇಳಿದ್ದು 2025ರ ಮೇ ತಿಂಗಳ ಅಪ್‌ಡೇಟಿನಲ್ಲಿ. ಒಂಬತ್ತು ತಿಂಗಳು! ಅಷ್ಟರಲ್ಲಿ ಎಷ್ಟು ಊರಿನಲ್ಲಿ ಎಷ್ಟು ಡಿಸ್ಕು ಫಾರ್ಮ್ಯಾಟ್ ಆದವೋ.

ರಿಪೇರಿ ಹುಡುಗ ದುಡ್ಡು ಬೇಡ ಅಂದ. ಅಕ್ಕ ಬಿಡಲಿಲ್ಲ, ಬೈಕಿನ ಪೆಟ್ರೋಲಿಗೆ ಅಂತ ಜೇಬಿಗೆ ತುರುಕಿದರು. ಹೋಗುವ ಮುಂಚೆ ಅವನು ಕೌಂಟರಿನ ಮೇಲೆ ಒಂದು ಖಾಲಿ ಹಾಳೆ ಇಟ್ಟು, ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ ಅಂದ. ಅಕ್ಕನೇ ನುಡಿಯಲ್ಲಿ ಟೈಪು ಮಾಡಿ ಎರಡು ಪ್ರತಿ ತೆಗೆದರು. ಮೊದಲನೇ ಸಾಲು ಅವನೇ ಹೇಳಿ ಬರೆಸಿದ್ದು: ಪರದೆಯ ಫೋಟೋ ತೆಗೆಯಿರಿ. ಅವನ ಅಂಗಡಿ ಗೋಡೆಯಲ್ಲಿ ಈಗಲೂ ಇದೆ. ಅದನ್ನು ನೋಡಿ ಇನ್ನೂ ಒಂದೆರಡು ಕಾಲೇಜು ಹುಡುಗರ ಯಂತ್ರ ಎಬ್ಬಿಸಿದೆ ಅಂತ ಆಮೇಲೆ ಫೋನು ಮಾಡಿದ್ದ.

ಇನ್ನೊಂದು ಮಾತು. 2026ರ ಜೂನಿಗೆ ಸೆಕ್ಯೂರ್ ಬೂಟಿನ 2011ರ ಸರ್ಟಿಫಿಕೇಟುಗಳ ಅವಧಿ ಮುಗಿಯತೊಡಗುತ್ತದೆ. ಅದೇ ವರ್ಷದ ಅಕ್ಟೋಬರಿಗೆ ವಿಂಡೋಸಿನದೇ ಸರ್ಟಿಫಿಕೇಟಿನ ಅವಧಿಯೂ ಮುಗಿಯುತ್ತದೆ. ಅವತ್ತು ಬೆಳಿಗ್ಗೆ ಕಂಪ್ಯೂಟರುಗಳೆಲ್ಲ ಸತ್ತುಹೋಗುತ್ತವೆ ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ, ಹತ್ತುತ್ತಿರುವುದು ಹತ್ತುತ್ತಲೇ ಇರುತ್ತದೆ. ಹೊಸ ಕೀ ಸೇರದಿದ್ದರೆ ಬೂಟಿಗೆ ಸಂಬಂಧಪಟ್ಟ ಹೊಸ ರಕ್ಷಣೆಗಳು ಬರುವುದು ನಿಲ್ಲುತ್ತದೆ. ಹೊಸ ಕೀಗಳು ಅಪ್‌ಡೇಟಿನ ಜೊತೆಗೇ ಬರಬೇಕು, ಅಕ್ಕನದು ವಿಂಡೋಸ್ 10, ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆ ಯಂತ್ರದ ತಾಪತ್ರಯ ಅಲ್ಲಿದೆ. ನಿಮ್ಮ ಮನೆಯದು ಹೇಗಿದೆ ಅಂತ ನೋಡಬೇಕಾದರೆ ಸ್ಟಾರ್ಟಿನಲ್ಲಿ ಎಂಎಸ್‌ಇನ್ಫೋ32 ಅಂತ ಬಡಿದು, ಸೆಕ್ಯೂರ್ ಬೂಟ್ ಸ್ಟೇಟ್ ಅನ್ನುವ ಸಾಲು ಹುಡುಕಿ. ಆನ್ ಅಂತಿದ್ದರೆ ಆ ಪರದೆಯ ಫೋಟೋ ತೆಗೆದು ನನಗೆ ಕಳಿಸಿ. ಏನನ್ನೂ ಒತ್ತಬೇಡಿ.